ಅಕ್ಕನನ್ನು ಕೇಳದೆ ಆರಿಸಿದ ಕವಾಟ

ದಕ್ಷಿಣ ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರ ವೈದ್ಯಕೀಯ ಅಧೀಕ್ಷಕರ ಸನ್ನಿಧಾನಕ್ಕೆ,

ಮಾನ್ಯರೇ, ನಿಮ್ಮ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ‘ಕೌನ್ಸೆಲಿಂಗ್ ರೂಮ್’ ಎಂಬ ಫಲಕ ಹೊತ್ತ ಕೊಠಡಿಯೊಂದಿದೆ. ಡಾಕ್ಟರರ ಆಸನವನ್ನು ಬಿಟ್ಟರೆ ಅದರಲ್ಲಿ ಮೂರು ಕುರ್ಚಿಗಳಿವೆ. ಕಳೆದ ವರ್ಷ ಶ್ರಾವಣದ ಒಂದು ಬುಧವಾರ ಬೆಳಿಗ್ಗೆ ಆ ಮೂರು ಕುರ್ಚಿಗಳ ಮೇಲೆ ನಾವು ಮೂವರು ಗಂಡಸರು ಕೂತು, ನನ್ನ ಅಕ್ಕ ದಿವ್ಯಳ ಹೃದಯದೊಳಗೆ ಎಂಥ ಕವಾಟ ಕೂರಿಸಬೇಕೆಂದು ಒಂಬತ್ತು ನಿಮಿಷದಲ್ಲಿ ತೀರ್ಮಾನಿಸಿದೆವು. ಅಕ್ಕ ಆಗ ಅಲ್ಲಿಂದ ಇಪ್ಪತ್ತು ಹೆಜ್ಜೆ ದೂರದ ವಾರ್ಡಿನಲ್ಲಿ, ಪೂರ್ತಿ ಎಚ್ಚರವಾಗಿ, ತಲೆ ಬಾಚಿಕೊಂಡು, ಪಕ್ಕದ ಮಂಚದವರ ಜೊತೆ ಹರಟುತ್ತ ಕೂತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ. ನನ್ನ ದೂರು ಇಷ್ಟೇ. ಮುಂದಿನದೆಲ್ಲ ಅದರ ವಿವರಣೆ.

ಇಂಥ ಗಂಭೀರ ಪತ್ರಗಳನ್ನು ಬರೆಯುವುದು ನನಗೆ ಹೊಸದೇನಲ್ಲ. ಕೋಣನಕುಂಟೆಯಲ್ಲಿ ನಮ್ಮ ತಂದೆ ಚಿಕ್ಕಬೈರಪ್ಪನವರ ಮೂರು ಮಹಡಿಯ ಬಾಡಿಗೆ ಕಟ್ಟಡವಿದೆ. ಅದರ ಮೆಟ್ಟಿಲ ಗೋಡೆಯ ಮೇಲೆ ನಾನು ಆಗಾಗ ಪ್ರಕಟಣೆಗಳನ್ನು ಅಂಟಿಸುತ್ತಿದ್ದೆ. ಎರಡನೇ ಮಹಡಿಯವರ ಬೆಕ್ಕಿಗೆ, ಹಾಲು ಕದ್ದ ಆರೋಪದ ಮೇಲೆ, ಏಳು ದಿನದೊಳಗೆ ಉತ್ತರಿಸತಕ್ಕದ್ದೆಂದು ಕಾರಣ ಕೇಳಿ ನೋಟಿಸು ಕೊಟ್ಟವನು ನಾನೇ. ನೀರಿನ ಟ್ಯಾಂಕು ಇಪ್ಪತ್ತು ವರ್ಷಗಳಿಂದ ನಿರಂತರವಾಗಿ ಸೋರಿ ಸಲ್ಲಿಸಿದ ಸೇವೆಗೆ ಬಿನ್ನವತ್ತಳೆ ಬರೆದವನೂ ನಾನೇ. ಅವನ್ನೆಲ್ಲ ಮೊದಲು ಓದಿ, ಕಾಗುಣಿತ ತಿದ್ದಿ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವಳು ಅಕ್ಕ. ಹಾಗಾಗಿ ಸರ್ಕಾರಿ ಧಾಟಿಯ ಮಾತು ನನ್ನ ಬೆರಳ ತುದಿಯಲ್ಲಿದೆ. ನಿಜವಾದ ದೂರಿಗೆ ಅದನ್ನು ಬಳಸುತ್ತಿರುವುದು ಇದೇ ಮೊದಲು.

ಒಂಬತ್ತನೇ ವಯಸ್ಸಿನಲ್ಲಿ ಅಕ್ಕನಿಗೆ ಒಂದು ಜ್ವರ ಬಂತು. ಕೀಲು ನೋವಿನ ಜ್ವರ ಎಂದರು. ಅದು ಕೀಲುಗಳನ್ನು ಬಿಟ್ಟು ಹೋಗುವಾಗ ಹೃದಯದ ಒಂದು ಕವಾಟವನ್ನು ಕಚ್ಚಿ ಹೋಯಿತು. ಇಪ್ಪತ್ತಾರಕ್ಕೆ ಬಿಳೇಕಹಳ್ಳಿಯ ದಿನೇಶ್ ಭಾವನ ಜೊತೆ ಮದುವೆಯಾಯಿತು. ಮೆಟ್ಟಿಲು ಹತ್ತಿದರೆ ಏದುಸಿರು ಬರಲು ಶುರುವಾದಾಗ ಜಯನಗರದ ಡಾಕ್ಟರೊಬ್ಬರು, “ಮೊದ್ಲು ವಾಲ್ವ್ ಸರಿ ಮಾಡಿಸ್ಕೊಳಮ್ಮ, ಆಮೇಲೆ ಮಗು” ಎಂದರು. ಅಕ್ಕನ ಕಿವಿಗೆ ಬಿದ್ದದ್ದು ಕೊನೆಯ ಎರಡು ಪದಗಳು. ಎದೆ ಕೊಯ್ಯಿಸಿಕೊಳ್ಳಲು ಇಷ್ಟು ಉತ್ಸಾಹದಿಂದ ಬಟ್ಟೆ ಮಡಚಿ ಬ್ಯಾಗಿಗೆ ತುಂಬಿಕೊಂಡವರನ್ನು ನಾನು ಕಂಡಿಲ್ಲ. ತವರಿಗೆ ಹೊರಟವಳ ಹಾಗೆ ಹೊರಟಳು.

ಕವಾಟ ರಿಪೇರಿಯಾಗುವ ಸ್ಥಿತಿಯಲ್ಲಿಲ್ಲ, ಬದಲಿಸಲೇಬೇಕು ಎಂದು ನಿಮ್ಮಲ್ಲಿ ತಿಳಿಯಿತು. ಆ ಬುಧವಾರ ನಿಮ್ಮ ಸಿಬ್ಬಂದಿಯೊಬ್ಬರು ಬಾಗಿಲಲ್ಲಿ ನಿಂತು ಕೂಗಿದರು: “ದಿವ್ಯ ಪೇಷಂಟ್ ಕಡೆಯೋರು ಯಾರು? ಜೆಂಟ್ಸ್ ಬನ್ನಿ.”

ನಮ್ಮ ಅಮ್ಮ ಗೌರಮ್ಮನವರು ಎದ್ದು ನಿಂತರು.

“ಅಮ್ಮ, ನೀವು ಅಲ್ಲೇ ಕೂತ್ಕೊಳ್ಳಿ. ಒಳಗೆ ಮೂರೇ ಚೇರ್ ಇರೋದು.”

ಅಮ್ಮ ಕೂತರು. ಮಾನ್ಯರೇ, ನಮ್ಮ ಅಮ್ಮ ತರಕಾರಿ ಗಾಡಿಯವನನ್ನೇ ಹತ್ತು ಪ್ರಶ್ನೆ ಕೇಳದೆ ಬಿಡುವವರಲ್ಲ. ನಿಮ್ಮ ಆಸ್ಪತ್ರೆ ಅವರನ್ನು ಒಂದು ಕುರ್ಚಿಯ ಕೊರತೆಯಿಂದ ಸೋಲಿಸಿತು.

ಒಳಗೆ ಹೋದವರು ಅಪ್ಪ, ದಿನೇಶ್ ಭಾವ ಮತ್ತು ನಾನು. ಡಾಕ್ಟರು ಒಳ್ಳೆಯವರು, ತಾಳ್ಮೆಯವರು. ಅವರ ಕೈಯ ಬಗ್ಗೆ ನನಗೆ ಇವತ್ತಿಗೂ ಗೌರವವಿದೆ. ಮುಕ್ಕಾಲು ಇಂಗ್ಲಿಷಿನಲ್ಲಿ ಅವರು ಹೇಳಿದ್ದರ ಸಾರ ಇಷ್ಟು. ಕವಾಟದಲ್ಲಿ ಎರಡು ಬಗೆ. ಒಂದು ಮೆಕ್ಯಾನಿಕಲ್, ಅಂದರೆ ಕಾರ್ಖಾನೆಯಲ್ಲಿ ತಯಾರಾದ ಗಟ್ಟಿ ವಸ್ತುವಿನದು. ಗಡಿಯಾರದ ಹಾಗೆ ಟಿಕ್ ಟಿಕ್ ಎನ್ನುತ್ತದೆ, ಬಹಳ ಕಾಲ ಬಾಳುತ್ತದೆ, ಆದರೆ ರಕ್ತ ಹೆಪ್ಪುಗಟ್ಟದ ಹಾಗೆ ಬದುಕಿರುವಷ್ಟು ದಿನವೂ ಮಾತ್ರೆ ನುಂಗಬೇಕು, ಆಗಾಗ ರಕ್ತ ಪರೀಕ್ಷೆಯಾಗಬೇಕು. ಇನ್ನೊಂದು ಟಿಶ್ಯೂ, ಅಂದರೆ ಪ್ರಾಣಿಯ ಅಂಗಾಂಶದಿಂದ ಮಾಡಿದ್ದು. ಆ ಮಾತ್ರೆಯನ್ನು ಜೀವನಪೂರ್ತಿ ನುಂಗುವ ಕಟ್ಟುಪಾಡು ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಚಿಕ್ಕ ವಯಸ್ಸಿನವರಲ್ಲಿ ಬೇಗ ಸವೆಯುತ್ತದೆ. ಹತ್ತು ಹನ್ನೆರಡು ವರ್ಷಕ್ಕೆ ಮತ್ತೆ ಎದೆ ತೆರೆಯಬೇಕಾಗಬಹುದು.

“ಮತ್ತೆ ಕುಯ್ಯೋದಾ? ಬ್ಯಾಡವೇ ಬ್ಯಾಡ ಸಾರ್” ಎಂದರು ಅಪ್ಪ.

ಅಪ್ಪನ ತರ್ಕ ನನಗೆ ಗೊತ್ತು. ಹೊಲ ಮಾರಿ ಮನೆ ಕಟ್ಟಿಸಿದವರು ಅವರು. ಗೋಡೆಯೊಳಗೆ ಪೈಪು ಹುದುಗಿಸುವಾಗ ಮೇಸ್ತ್ರಿಯ ತಲೆಯ ಮೇಲೇ ನಿಂತು, ಒಡೆಯುವ ಕೆಲಸ ಒಂದೇ ಸಲ ಆಗಬೇಕು, ಇನ್ನು ಐವತ್ತು ವರ್ಷ ಈ ಗೋಡೆ ಮುಟ್ಟಬಾರದು ಎನ್ನುತ್ತಿದ್ದರು. ಬಾಡಿಗೆಗೆ ಮನೆ ಕೊಟ್ಟು ಬದುಕುವವರ ವೇದವಾಕ್ಯ ಅದು. ಮಗಳ ಎದೆಗೂ ಅದನ್ನೇ ಅನ್ವಯಿಸಿದರು. ಪ್ರೀತಿಯಿಂದಲೇ. “ಐಎಸ್‌ಐ ಮಾರ್ಕ್ ಇರ್ತದಾ ಸಾರ್?” ಎಂದೂ ಕೇಳಿದರು. ನಾನು ತುಟಿ ಕಚ್ಚಿಕೊಂಡು ನಗು ತಡೆದೆ.

ಆಗ ಡಾಕ್ಟರು ಪೆನ್ನನ್ನು ಮೇಜಿನ ಮೇಲೆ ಕುಟ್ಟುತ್ತ ಹೇಳಿದರು: “ಒಂದು ವಿಷಯ. ಇವರು ಯಂಗ್ ಇದ್ದಾರೆ. ಮೆಕ್ಯಾನಿಕಲ್ ಹಾಕಿದ್ರೆ ಪ್ರೆಗ್ನೆನ್ಸಿ ತುಂಬಾ ಹೈ ರಿಸ್ಕ್ ಆಗುತ್ತೆ. ಆ ತರ ಪ್ಲಾನ್ ಏನಾದ್ರೂ ಇದೆಯಾ?”

ಅಪ್ಪ ಗೋಡೆಯ ಕ್ಯಾಲೆಂಡರಿನಲ್ಲಿ ಏನೋ ಮುಖ್ಯ ತಿಥಿ ಹುಡುಕತೊಡಗಿದರು. ಭಾವ ತಮ್ಮ ಮೊಣಕಾಲು ನೋಡಿಕೊಂಡರು. ನಾನು ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಹೃದಯದ ಮುಚ್ಚಳ ತೆಗೆದು ಹಾಕಿ ಮಾಡಿದೆ. ಮಾವನ ಎದುರು ಅಳಿಯ ಮಕ್ಕಳ ಮಾತು ಆಡುವುದಿಲ್ಲ. ಅಳಿಯನ ಎದುರು ಅಪ್ಪ ಮಗಳ ಬಸಿರಿನ ಮಾತು ಎತ್ತುವುದಿಲ್ಲ. ತಮ್ಮನಂತೂ ಅಂಥ ಮಾತು ಬಂದರೆ ಎದ್ದು ಹೋಗಬೇಕು. ನಮ್ಮ ಕಡೆ ಇದು ಯಾರೂ ಬರೆದಿಡದ ಕಾನೂನು. ಆ ಒಂದು ಪ್ರಶ್ನೆಗೆ ಒಬ್ಬರ ಎದುರು ಒಬ್ಬರು ಬಾಯಿ ಬಿಡಲಾರದ ಮೂವರು ಬೇಕಾಗಿದ್ದಾರೆಂದು ನೀವು ಟೆಂಡರು ಕರೆದಿದ್ದರೂ ಇಷ್ಟು ಕರಾರುವಾಕ್ಕಾದ ತಂಡ ನಿಮಗೆ ಸಿಗುತ್ತಿರಲಿಲ್ಲ. ನಿಮ್ಮ ಪದ್ಧತಿ ಅಂಥವರನ್ನೇ ಹುಡುಕಿ ಒಳಗೆ ಕೂರಿಸಿತು. ಉತ್ತರ ಗೊತ್ತಿದ್ದ ಇಬ್ಬರು ಹೆಂಗಸರನ್ನು ಹೊರಗಿಟ್ಟಿತು.

ಆ ಮೌನವನ್ನು ಮುರಿದವನು ನಾನು. “ಸಾರ್, ಅದಕ್ಕೆ ಬ್ಯಾಟ್ರಿ ಎಷ್ಟು ವರ್ಷಕ್ಕೆ ಚೇಂಜ್ ಮಾಡಿಸ್ಬೇಕು?”

ಡಾಕ್ಟರು ನಕ್ಕರು. “ಬ್ಯಾಟ್ರಿ ಇರಲ್ಲ ಕಣ್ರೀ.” ಭಾವ ಎಲ್ಲರಿಗಿಂತ ಜೋರಾಗಿ ನಕ್ಕರು. “ಇವ್ನೊಬ್ಬ ತರ್ಲೆ” ಎಂದರು ಅಪ್ಪ, ಮುಖ ಹಗುರಾಗಿ. ನಗು ಮುಗಿಯುವಷ್ಟರಲ್ಲಿ ಡಾಕ್ಟರ ಮುಂದೆ ಇನ್ನೊಂದು ಫೈಲು ಬಂದಿತ್ತು. “ಹಂಗಾದ್ರೆ ಮೆಕ್ಯಾನಿಕಲ್?” “ಹೂಂ ಸಾರ್, ಗಟ್ಟೀದೇ ಹಾಕ್ಬಿಡಿ” ಎಂದರು ಅಪ್ಪ. ನನ್ನ ಅಕ್ಷರ ಚೆನ್ನಾಗಿದೆಯೆಂದು ಅರ್ಜಿ ತುಂಬುವ ಕೆಲಸ ನನಗೆ ಬಂತು. ಮೆಕ್ಯಾನಿಕಲ್ ಎಂಬುದರ ಎದುರಿನ ಚೌಕದೊಳಗೆ ಗುರುತು ಹಾಕಿದ ಕೈ ಇದೇ, ಈ ಪತ್ರ ಬರೆಯುತ್ತಿರುವುದು.

ವಾರ್ಡಿಗೆ ಬಂದಾಗ ಅಕ್ಕ ಕೇಳಿದಳು, “ಏನಂದ್ರೋ?” ನಾನು ಎದೆ ಸೆಟೆಸಿ, ತೀರ್ಪು ಓದುವವನಂತೆ ನಿಂತು, “ಘನ ಸಮಿತಿಯು ನಿನಗೆ ಒಂದು ಗಡಿಯಾರವನ್ನು ಮಂಜೂರು ಮಾಡಿದೆ. ಇನ್ನು ಮೇಲೆ ಎಲ್ಲಿಗೂ ಲೇಟಾಗಿ ಬರುವಂತಿಲ್ಲ” ಎಂದೆ. “ಥೂ, ಹೋಗೋ” ಎಂದು ನಕ್ಕಳು. ಮತ್ತೆ ಕೇಳಲಿಲ್ಲ. ನಾನಿದ್ದ ಕಡೆ ಯಾರೂ ಎರಡನೇ ಸಲ ಕೇಳುವುದಿಲ್ಲ ಮಾನ್ಯರೇ, ಅಷ್ಟು ಚೆನ್ನಾಗಿ ನಗಿಸುತ್ತೇನೆ.

ಆಪರೇಷನ್ ಯಶಸ್ವಿಯಾಯಿತು. ನಿಮ್ಮ ಲೆಕ್ಕದಲ್ಲಿ ಅಕ್ಕ ಇಂದಿಗೂ ಒಂದು ಯಶಸ್ಸು. ಮೂರು ತಿಂಗಳ ನಂತರದ ತಪಾಸಣೆಗೆ ನಾನೇ ಅವಳನ್ನು ಕರೆತಂದೆ. ಮೊದಲ ಬಾರಿ ಅದೇ ಕೊಠಡಿಯ ಕುರ್ಚಿಯಲ್ಲಿ ಅವಳು ಕೂತಳು. ಡಾಕ್ಟರು ಎದೆ ಪರೀಕ್ಷಿಸಿ, ವೆರಿ ಗುಡ್ ಎಂದರು. ಅಕ್ಕ ಸೆರಗು ಸರಿಮಾಡಿಕೊಂಡು, ಸ್ವಲ್ಪ ನಾಚಿಕೊಂಡು ಕೇಳಿದಳು: “ಡಾಕ್ಟ್ರೇ, ಇನ್ನು ಎಷ್ಟು ತಿಂಗಳು ಬಿಟ್ಟು ನಾವು ಮಗು ಮಾಡ್ಕೋಬಹುದು?”

ಡಾಕ್ಟರು ನನ್ನ ಮುಖ ನೋಡಿದರು. “ನಿಮ್ಮ ಮನೆಯವರಿಗೆ ಅವತ್ತೇ ಹೇಳಿದ್ನಲ್ಲ?”

ಆ ದಿನ ಅವರು ಅಕ್ಕನಿಗೆ ಅರ್ಧ ಗಂಟೆ ಬಿಡಿಸಿ ಹೇಳಿದರು. ಸ್ವಚ್ಛ ಕನ್ನಡದಲ್ಲಿ. ರಕ್ತ ತೆಳು ಮಾಡುವ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿಗೆ ಕೆಡುಕು ಮಾಡಬಲ್ಲದು. ಮಾತ್ರೆ ನಿಲ್ಲಿಸಿದರೆ ಕವಾಟದಲ್ಲಿ ರಕ್ತ ಹೆಪ್ಪುಗಟ್ಟಿ ತಾಯಿಗೇ ಅಪಾಯ. ಬದಲಿಗೆ ಇಂಜೆಕ್ಷನ್ನುಗಳಿವೆ, ಆದರೆ ಅವನ್ನು ನಂಬಿ ನಿಶ್ಚಿಂತೆಯಿಂದ ಇರುವಂತಿಲ್ಲ. ಹತ್ತು ಹನ್ನೆರಡು ವರ್ಷ ಬಾಳುವ ಇನ್ನೊಂದು ಬಗೆಯ ಕವಾಟವೂ ಇತ್ತೆಂದು ಅಕ್ಕನಿಗೆ ತಿಳಿದದ್ದು ಆಗಲೇ. “ಆಗೋದೇ ಇಲ್ಲ ಅಂತಲ್ಲಮ್ಮ. ಆದ್ರೆ ನಿಮ್ಮ ಪ್ರಾಣಕ್ಕೇ ರಿಸ್ಕು.” ಅಷ್ಟೊಂದು ಒಳ್ಳೆಯ ಕನ್ನಡ ಆ ಕೊಠಡಿಯಲ್ಲೇ ಇತ್ತು. ಸರಿಯಾದ ಕಿವಿ ಮಾತ್ರ ಮೂರು ತಿಂಗಳು ತಡವಾಗಿ ಬಂತು.

ಹೊರಗೆ, ಔಷಧಿ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಅಕ್ಕ ಕೂತಳು.

“ನೀವು ಮೂರೂ ಜನಾನೂ ಕೇಳಿಸ್ಕೊಂಡ್ರಾ?”

“ಹೂಂ.”

“ಅವ್ರೂ?”

“ಭಾವನೂ ಇದ್ರು ಕಣಕ್ಕ.”

“ಯಾರೂ ಏನೂ ಅನ್ಲಿಲ್ವಾ?”

“ನಾನು... ಬ್ಯಾಟ್ರಿ ವಿಷ್ಯ ಕೇಳ್ದೆ.”

ಅವಳು ಬೈಯಲಿಲ್ಲ. ಬೈದಿದ್ದರೆ ಏನಾದರೂ ಕಿಡಿಗೇಡಿ ಉತ್ತರ ಕೊಟ್ಟು ತಪ್ಪಿಸಿಕೊಳ್ಳುತ್ತಿದ್ದೆನೇನೋ. ನನಗಲ್ಲ, ಎದುರಿನ ರಸ್ತೆಗೆ ಹೇಳುವವಳ ಹಾಗೆ ಹೇಳಿದಳು: “ಹನ್ನೆರಡು ವರ್ಷ ಸಾಕಾಗಿತ್ತು ಕಣೋ. ಅಷ್ಟೊತ್ತಿಗೆ ಮಗು ಐದೋ ಆರೋ ಕ್ಲಾಸಿಗೆ ಬಂದಿರೋದು. ಇನ್ನೊಂದು ಸಲ ಕುಯ್ಸ್ಕೊಳ್ತಿದ್ದೆ, ಅದ್ಕೇನು.”

ನೀವು ಹೇಳಬಹುದು: ಒಪ್ಪಿಗೆ ಪತ್ರದಲ್ಲಿ ರೋಗಿಯ ಸಹಿ ಇದೆಯಲ್ಲ? ಇದೆ. ಆಪರೇಷನ್ ದಿನ ಬೆಳಿಗ್ಗೆ ಆರೂವರೆಗೆ, ಬಲಗೈಗೆ ಸೂಜಿ ಚುಚ್ಚಿ ಟೇಪು ಸುತ್ತಿದ್ದಾಗ, ಹನ್ನೊಂದು ಹಾಳೆಗಳ ಮೇಲೆ “ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ” ಎಂದು ಹಾಕಿಸಿಕೊಂಡ ಸಹಿ. ಮೆಕ್ಯಾನಿಕಲ್ ಕವಾಟವೇ ತಪ್ಪು ಎಂದು ನಾನು ವಾದಿಸುತ್ತಿಲ್ಲ. ಅದನ್ನು ಹಾಕಿಸಿಕೊಂಡು ಸುಖವಾಗಿರುವವರನ್ನು ನಿಮ್ಮ ಪಡಸಾಲೆಯಲ್ಲೇ ನೋಡಿದ್ದೇನೆ. ಅಕ್ಕನ ಪಕ್ಕದ ಮಂಚದಲ್ಲಿ ಸಿದ್ದಾಪುರದ ಕಮಲಾದೇವಿ ಎಂಬವರಿದ್ದರು. ಗಂಡನಿಲ್ಲ, ಮಕ್ಕಳಿಲ್ಲ, ಒಬ್ಬರೇ ಬಂದಿದ್ದರು. ಅಕ್ಕ ಐಸಿಯುನಲ್ಲಿದ್ದ ದಿನ, ಕಡೆಯವರು ಯಾರೂ ಇಲ್ಲದ್ದರಿಂದ ಡಾಕ್ಟರು ವಿಧಿಯಿಲ್ಲದೆ ಆಕೆಯ ಮಂಚದ ಬಳಿಗೇ ಬಂದು, ಎರಡನ್ನೂ ವಿವರಿಸಿ, “ನಿಮಗೆ ಯಾವ್ದು ಬೇಕಮ್ಮ?” ಎಂದರು. ಆಕೆ ಒಂದು ದಿನ ಯೋಚಿಸಿ ಹೇಳಿದರು. ದಿಕ್ಕಿಲ್ಲದವರೆಂದು ನಾವು ಮರುಗಿ ಅವರಿಗೆ ಇಡ್ಲಿ ತಂದುಕೊಟ್ಟಿದ್ದೆವು. ಅಕ್ಕನಿಗೆ ನಾವು ಮೂವರಿದ್ದೆವು.

ಈಗ ದಿನೇಶ್ ಭಾವ, “ನೀನಿದ್ರೆ ಸಾಕು” ಎನ್ನುತ್ತಾರೆ. ಅವರು ಹಾಗೆ ಅಂದಾಗಲೆಲ್ಲ ಅಕ್ಕ ಎದ್ದು ಅಡುಗೆಮನೆಗೆ ಹೋಗುತ್ತಾಳೆ. ಅಮ್ಮ ಒಂದೇ ಮಾತು ಹೇಳಿದರು: “ನನ್ನ ಒಳೀಕೆ ಬಿಟ್ಟಿದ್ರೆ ನಾನು ಮೊದ್ಲು ಕೇಳ್ತಿದ್ದದ್ದೇ ಅದು.” ಅಪ್ಪನಿಗೆ ಯಾರೂ ಕೂರಿಸಿ ಹೇಳಿಲ್ಲ, ಆದರೆ ಗೊತ್ತಾಗಿದೆ. ಅಕ್ಕ ಮನೆಗೆ ಬಂದರೆ ಸೀಬೆಹಣ್ಣು ತಂದು ಜಗಲಿಯ ಮೇಲಿಟ್ಟು, ಅವಳನ್ನು ಕರೆಯದೆ, ಟೆರೇಸಿಗೆ ಹೋಗಿ ನಿಲ್ಲುತ್ತಾರೆ.

ಆದ್ದರಿಂದ ನನ್ನ ಹಕ್ಕೊತ್ತಾಯ. ಕವಾಟ ಆರಿಸುವ ಮಾತನ್ನು ಮೊದಲು ರೋಗಿಯ ಜೊತೆ, ರೋಗಿಯ ಭಾಷೆಯಲ್ಲಿ, ನೆಂಟರಿಲ್ಲದೆ ಆಡಿ. ಯೋಚಿಸಲು ಕನಿಷ್ಠ ಒಂದು ದಿನ ಬಿಡಿ. ಆ ಚೌಕದೊಳಗೆ ರೋಗಿಯ ಕೈಯಿಂದಲೇ ಗುರುತು ಹಾಕಿಸಿ, ಸೂಜಿ ಚುಚ್ಚುವ ಮೊದಲು. ಮೂವರು ಗಂಡಸರು ಒಟ್ಟಿಗೆ ಸುಮ್ಮನಾದರೆ ಅದನ್ನು ಉತ್ತರವೆಂದು ಬರೆದುಕೊಳ್ಳಬೇಡಿ. ಅವರಲ್ಲೊಬ್ಬ ತಮಾಷೆ ಮಾಡಿದರೆ ದಯವಿಟ್ಟು ನಗಬೇಡಿ. ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿ. ಈ ಆದೇಶ ಹೊರಡಿಸಲು ನಿಮಗೆ ಯಾವ ಮೇಲಿನವರ ಅಪ್ಪಣೆಯೂ ಬೇಕಿಲ್ಲವೆಂದು ಭಾವಿಸಿದ್ದೇನೆ.

ನಿಮಗೆ ಬರೆದ ಇದನ್ನು ಬಹಿರಂಗ ಪತ್ರವಾಗಿ ಪತ್ರಿಕೆಗೂ ಕಳಿಸುವ ಮೊದಲು ಬಿಳೇಕಹಳ್ಳಿಗೆ ಒಯ್ದು ಅಕ್ಕನ ಕೈಗೆ ಕೊಟ್ಟೆ. ನೀನು ಬೇಡ ಅಂದರೆ ಹರಿದು ಹಾಕುತ್ತೇನೆ ಎಂದೆ. “ಬಿಟ್ಟು ಹೋಗು” ಎಂದಳು. ಎರಡು ದಿನ ಸುದ್ದಿಯಿಲ್ಲ. ನಾನು ಫೋನು ಮಾಡಲಿಲ್ಲ, ನಗಿಸುವ ಮೆಸೇಜೂ ಕಳಿಸಲಿಲ್ಲ. ಮೂರನೇ ದಿನ ಅವಳೇ ಮಾಡಿದಳು. “ಹಾಕು. ಹೆಸರು ಬದಲಾಯಿಸ್ಬೇಡ. ನನ್ನ ಬಗ್ಗೆ ಪಾಪ ಅಂತ ಎರಡು ಕಡೆ ಬರ್ದಿದೀಯ, ಅದನ್ನ ತೆಗಿ.” ತೆಗೆದಿದ್ದೇನೆ. ಒಬ್ಬರನ್ನು ಕೇಳಿ ಅವರ ಉತ್ತರಕ್ಕೆ ಕಾಯುವುದು ಬಹಳ ಕಷ್ಟ, ಮಾನ್ಯರೇ. ಆದರೆ ಅದರಿಂದ ಯಾರೂ ಸತ್ತದ್ದಿಲ್ಲ.

ಇಂತಿ,
ಕೇಳುವುದನ್ನು ತಡವಾಗಿ ಕಲಿತ,
ದಿವ್ಯಳ ತಮ್ಮ ಮನು
ಕೋಣನಕುಂಟೆ