ಕ್ರಾಸ್ ಟಾಕಿನಲ್ಲಿ ಸಿಕ್ಕ ತಂಗಿ

ಅತ್ತೆಯವರಿಗೆ, ನಿಮ್ಮ ಸೊಸೆ ಸುಮಿತ್ರೆಯ ಶರಣು.

ಬಸವೇಶ್ವರನಗರದ ಮನೆಯ ಹಾಲಿನಲ್ಲಿ, ನಿಮ್ಮ ಬೆತ್ತದ ಕುರ್ಚಿಯ ಪಕ್ಕದಲ್ಲಿ ಕೂತು ಬರೆಯುತ್ತಿದ್ದೇನೆ. ಆ ಕುರ್ಚಿಯಲ್ಲೇ ಕೂರಲು ಇನ್ನೂ ಮನಸ್ಸು ಬಂದಿಲ್ಲ. ನಿಮಗೆ ಒಂದು ಸುದ್ದಿ ಮುಟ್ಟಿಸಬೇಕಾಗಿದೆ. ಆದರೆ ನಿಮಗೆ ಗೊತ್ತಲ್ಲ, ನನಗೆ ಯಾವುದನ್ನೂ ನೇರವಾಗಿ ಹೇಳಲು ಬರುವುದಿಲ್ಲ. "ಎಂ.ಎ. ಓದಿದೋರು ಹಿಂಗ. ಕುಡಿಯಾಕ ನೀರು ಕೇಳಿದ್ರ ಬಾವಿ ತೋಡಿದ ಕಥಿ ಹೇಳ್ತಾರ" ಎನ್ನುತ್ತಿದ್ದಿರಿ. ಇವತ್ತೂ ಸ್ವಲ್ಪ ಬಾವಿಯ ಕಥೆ ಕೇಳಬೇಕು ನೀವು.

ಫೋನು ಬಂದ ದಿನ ನೆನಪಿದೆಯೇ? ನಿಮ್ಮ ಮಗ ಅರ್ಜಿ ಹಾಕಿ, ಹಾಕಿದ್ದನ್ನೇ ಮರೆತ ಎಷ್ಟೋ ಕಾಲಕ್ಕೆ ಆ ಕರಿಯ ಫೋನು ಬಂದು ಮೇಜಿನ ಮೇಲೆ ಕೂತಿತು. ನೀವು ಸ್ನಾನ ಮಾಡಿ ಬಂದವರೇ ಅದಕ್ಕೂ ಮೂರು ಬೆರಳಿನಿಂದ ವಿಭೂತಿ ಎಳೆದಿರಿ. ಒದ್ದೆ ವಿಭೂತಿ ಡಯಲ್ಲಿನ ತೂತುಗಳೊಳಗೆ ಇಳಿದು ಒಣಗಿತು. ಆಮೇಲೆ ಎಂಟರ ಅಂಕಿ ತಿರುಗಿಸಿದರೆ ಚಕ್ರ ಅರ್ಧದಾರಿಯಲ್ಲೇ ನಿಲ್ಲುತ್ತಿತ್ತು. "ಅವ್ವಾ, ಇದು ಮಷೀನು!" ಎಂದು ನಿಮ್ಮ ಮಗ ಹಣೆ ಚಚ್ಚಿಕೊಂಡರು. "ಮಷೀನಾದ್ರ ಏನಾತು? ನಮ್ಮನಿಗೆ ಬಂದೈತಿಲ್ಲ?" ಎಂದಿರಿ ನೀವು. ನಾನು ತಲೆಪಿನ್ನಿನಿಂದ ಒಂದೊಂದೇ ತೂತನ್ನು ಕೆರೆದು ಕೂತೆ.

ಅದು ಕೆಟ್ಟಾಗಲೆಲ್ಲ ಏನೇನು ಆಗುತ್ತಿತ್ತು! ರಿಸೀವರ್ ಎತ್ತಿ ಪಕ್ಕಕ್ಕಿಟ್ಟು, ಡಿಕಾಕ್ಷನ್ ಇಳಿಸಿ ಬರುವಷ್ಟರಲ್ಲಿ ಡಯಲ್ ಟೋನ್ ಬಂದಿದ್ದರೆ ಅದೇ ಪುಣ್ಯ. ಫೋನು ಸತ್ತಿದೆ ಎಂದು ತಿಳಿಸುವುದಕ್ಕೂ ಫೋನೇ ಬೇಕು. ನಿಮ್ಮ ಮಗ ಪಕ್ಕದ ಮನೆಗೆ ಹೋದರೆ ಅವರದೂ ಸತ್ತಿರುತ್ತಿತ್ತು. ಇಬ್ಬರೂ ಕೂತು ಸರಕಾರವನ್ನು ಬೈದು, ಉಪ್ಪಿಟ್ಟು ತಿಂದು ಎದ್ದು ಬರುತ್ತಿದ್ದರು. ಲೈನ್‌ಮನ್ ಬಂದ ದಿನವಂತೂ ಫೋನು ಮದುವೆ ಹುಡುಗಿಯ ಹಾಗೆ ತಲೆ ತಗ್ಗಿಸಿ ಸಭ್ಯವಾಗಿರುತ್ತಿತ್ತು. "ಚೆನ್ನಾಗೇ ಇದ್ಯಲ್ಲ ಸಾರ್" ಎಂದು ಅವನು ಗೇಟು ದಾಟುವುದೇ ತಡ, ಒಳಗೆ ಕರ್ರ್ ಎಂದು ಶುರು. ಅದರ ಜೊತೆಗೆ ಆ ಕ್ರಾಸ್ ಟಾಕ್. ನಾವು ಮಾತಾಡುತ್ತಿದ್ದರೆ ನಡುವೆ ಇನ್ಯಾರದೋ ಮನೆಯ ಬದನೆಕಾಯಿ, ಇನ್ಯಾರದೋ ಮನೆಯ ಜ್ವರ.

ಕಾಲೇಜಿನಲ್ಲಿ ಪಾಠ ಮುಗಿಸಿ ಬೇಗ ಬಂದ ಒಂದು ಮಧ್ಯಾಹ್ನ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಬೀದಿಯವರೆಲ್ಲ ಬಂದು ಫೋನು ಮಾಡುತ್ತಾರೆಂದು ನಿಮ್ಮ ಮಗ ಡಯಲ್ಲಿಗೊಂದು ಪುಟ್ಟ ಬೀಗ ಹಾಕಿ ಕೀಲಿಯನ್ನು ಆಫೀಸಿಗೆ ಕೊಂಡೊಯ್ಯುತ್ತಿದ್ದರಲ್ಲ? ಆ ಬೀಗ ಹಾಕಿದ ಫೋನನ್ನು ಕಿವಿಗಿಟ್ಟುಕೊಂಡು ನೀವು ನಗುತ್ತಿದ್ದಿರಿ. ವಯಸ್ಸಾಯಿತು, ಮಂಡಿನೋವಿನಿಂದ ಹೊರಗೆ ಹೋಗಲಾರರು, ಇಡೀ ದಿನ ಒಬ್ಬರೇ, ಎಲ್ಲಿ ಮನಸ್ಸಿಗೆ ಏನಾದರೂ... ಅಷ್ಟರಲ್ಲಿ ನೀವೇ ಕೈಬೀಸಿ ಕರೆದಿರಿ: "ಬಾರವಾ, ಕುರುಬರಹಳ್ಳಿ ತಂಗಿ ಅದಾಳ. ಒಂದೀಟು ಮಾತಾಡು."

ಕಿವಿಗಿಟ್ಟುಕೊಂಡರೆ ನಿಜಕ್ಕೂ ಒಂದು ಹೆಣ್ಣುದನಿ! ನಮ್ಮ ಮನೆಯ ತಂತಿ, ಪಕ್ಕದ ಕುರುಬರಹಳ್ಳಿಯಲ್ಲಿ ಆಕೆಯ ಮನೆಯ ತಂತಿ ಎಲ್ಲೋ ನೆಲದೊಳಗೆ ತೆಕ್ಕೆಬಿದ್ದಿತ್ತು. ಆಕೆ ಅಲ್ಲಿ ಡಯಲ್ ಮಾಡಿದರೆ ಇಲ್ಲಿ ನಮ್ಮ ಗಂಟೆ ಟಿಣ್ ಟಿಣ್ ಎನ್ನುತ್ತಿತ್ತು, ನೀವು ಎತ್ತುತ್ತಿದ್ದಿರಿ. ಮಾತಿಗೆ ಬೀಗ ಹಾಕುವವರು ಯಾರು? ಒಂದೇ ರಿಸೀವರಿಗೆ ಇಬ್ಬರೂ ಕಿವಿ ಕೊಟ್ಟೆವು.

"ಅಕ್ಕಾ, ಸೊಸೆ ಬಂದ್ರಾ? ಏನ್ ಸಾರಂತೆ ಇವತ್ತು?"

"ಎಂಥ ಸಾರು! ಬರೇ ನೀರು ಮಾಡಿಟ್ಟು ಹೋಗ್ಯಾಳ."

"ನಮ್ಮನೇಲಿ ನಾನೇ ಮಾಡೋದು ಕಣಕ್ಕಾ, ಆದ್ರೂ ನೀರೇ. ಬೈಯೋಕೆ ಸೊಸೆ ಬೇರೆ ಇಲ್ಲ ನಂಗೆ. ತಡೀರಿ, ಎದುರುಗಡೆ ಹಿಟ್ಟಿನ ಗಿರಣಿ ಶುರುವಾಯ್ತು, ಏನೂ ಕೇಳಿಸ್ತಿಲ್ಲ..."

ಆಮೇಲೊಂದು ದಿನ ಬಂದ ಲೈನ್‌ಮನ್ ಮುಖ ನನ್ನ ಕಣ್ಣ ಮುಂದಿದೆ. ಕ್ರಾಸ್ ಟಾಕ್ ನಿಲ್ಲಿಸಲೆಂದು ನಿಮ್ಮ ಮಗ ಮೂರು ಕಡೆ ದೂರು ಕೊಟ್ಟು ಅವನನ್ನು ಕರೆಸಿದ್ದರು. ನೀವು ಅವನಿಗೆ ಮಜ್ಜಿಗೆ ಕೊಟ್ಟು, "ಎಲ್ಲಾ ಚಲೋ ಐತಪ್ಪ, ಬಿಸಲಾಗ ಯಾಕ ಕಂಬ ಹತ್ತಿ? ಮನಿಗೆ ಹೋಗು" ಎಂದು ಬಾಗಿಲಿನಿಂದಲೇ ಸಾಗಹಾಕಿದಿರಿ. ನಾನು ಒಳಗೆ ಪುಸ್ತಕ ಹಿಡಿದು ನಗು ತಡೆಯುತ್ತಿದ್ದೆ. ನಾನು ಕವಿತೆ ಓದುವುದೂ ಹಾಗೇ ಅಲ್ಲವೇ ಅತ್ತೆ? ಮುಖ ಕಾಣದವರ ದನಿ ಎಲ್ಲಿಂದಲೋ ಬಂದು ನನ್ನ ಜೊತೆಗೇ ಮಾತಾಡಿದಂತೆ ಕೇಳಿಸುವುದು. ನಿಮಗದು ಪುಸ್ತಕದ ಹಂಗಿಲ್ಲದೆ ಸಿಕ್ಕಿತ್ತು.

ಒಂದು ಸಂಜೆ ನೀವು ಊಟ ಬಿಟ್ಟು ಕೂತಿದ್ದಿರಿ. ಕೇಳಿದರೆ, "ತಂಗಿ ಮಗಳು ಗಿರಿಜಿ ಬಾಣಂತನಕ್ಕ ಬಂದಾಳಂತ. ಹಿಂದ ಎರಡು ಕೂಸು ಉಳಿಲಿಲ್ಲಂತ" ಎಂದಿರಿ. ಅಂದಿನಿಂದ ನಿಮ್ಮ ಲಿಂಗಪೂಜೆ ಇನ್ನಷ್ಟು ಉದ್ದವಾಯಿತು. ಬೆಲ್ಲ ಹಾಕಿದ ರಾಗಿ ಗಂಜಿ ಕೊಡು, ಎಡಮಗ್ಗುಲಿಗೆ ಮಲಗಿಸು, ಅಳಬ್ಯಾಡ ಅನ್ನು... ಫೋನಿನಲ್ಲೇ ಬಾಣಂತನ ಶುರು ಮಾಡಿದ್ದಿರಿ. ಒಂಬತ್ತು ತುಂಬುತ್ತಾ ಬಂದಾಗ ಡಾಕ್ಟರು ಬಿ.ಪಿ. ಜಾಸ್ತಿಯಿದೆ, ಮಂಚ ಬಿಟ್ಟು ಏಳಬಾರದು ಎಂದರಂತೆ. ಅದೇ ನಿಮಗೆ ಮುಟ್ಟಿದ ಕೊನೆಯ ಸುದ್ದಿ.

ಮರುದಿನ ಬೆಳಿಗ್ಗೆ ಪಿಕಾಸಿ ಸದ್ದಿಗೆ ಎದ್ದೆವು. ರಸ್ತೆ ಅಗೆದು ಹೊಸ ಕೇಬಲ್ ಹಾಕುತ್ತಿದ್ದರು. ಅದು ಮುಗಿದ ದಿನ ನಿಮ್ಮ ಮಗ ರಿಸೀವರ್ ಎತ್ತಿ, "ನೋಡವ್ವಾ, ಎಷ್ಟು ಕ್ಲಿಯರ್ ಆಗಿದೆ! ಕೊನೆಗೂ ರಿಪೇರಿ ಮಾಡಿದ್ರು" ಎಂದು ಹಿಗ್ಗಿ ನಿಮ್ಮ ಕಿವಿಗೆ ಹಿಡಿದರು. ನೀವು ಬಹಳ ಹೊತ್ತು ಕೇಳಿದಿರಿ. "ಯಾರೂ ಇಲ್ಲಲ್ಲೋ" ಎಂದಿರಿ. ಫೋನು ಗುಣವಾಯಿತು. ಮನೆ ಮಾತ್ರ...

ನಾನು ಡೈರೆಕ್ಟರಿ ತೆಗೆದು ಕೂತ ರಾತ್ರಿ ನೀವು ನನ್ನನ್ನು ಎಷ್ಟು ಆಸೆಯಿಂದ ನೋಡಿದಿರಿ! "ನಂಬರು ಎಷ್ಟು ಅತ್ತೆ?" ಎಂದರೆ, "ಎತ್ತಿದ್ರ ಅಕೀನ ಇರ್ತಿದ್ಲು, ನಂಬರು ಯಾಕ ಕೇಳ್ಲಿ?" ಎಂದಿರಿ. ಫೋನು ಇದ್ದದ್ದು ಆಕೆಯ ಯಜಮಾನರ ಹೆಸರಿನಲ್ಲಿ, ಅವರ ಲಾರಿ ವ್ಯವಹಾರಕ್ಕಾಗಿ. ಡೈರೆಕ್ಟರಿಯ ತುಂಬ ಗಂಡಸರ ಹೆಸರು. ಆಕೆ ಗಂಡನ ಹೆಸರು ಹೇಳುವವರಲ್ಲ, ನೀವು ಕೇಳುವವರಲ್ಲ. "ಹೆಣ್ಣುಮಗಳಿಗೆ ಗಂಡನ ಹೆಸರು ಹೇಳು ಅಂತ ಹೆಂಗ ಕೇಳಾದು?" ಎಂದಿರಿ. ನನಗೆ ನಗು ಬಂತು, ಆಮೇಲೆ ನಿಮ್ಮ ಮುಖ ನೋಡಿ ನಿಂತಿತು. ಹುಡುಕಿಕೊಂಡು ಹೋಗಿ ಬರಲೇ ಎಂದರೂ ಬೇಡವೆಂದಿರಿ. "ಏನರ ಕೆಟ್ಟದ್ದಾಗಿದ್ರ? ಕೇಳಾಕ ಬಂದೋರ ಮುಂದ ಹೇಳಿ ಅತ್ತು ಸಾಯ್ಬೇಕು ಅಕಿ. ಬ್ಯಾಡ." ಆದರೂ ದೀಪಾವಳಿ ಕಳೆದು ಆಸ್ಪತ್ರೆಯಲ್ಲಿ, ಉಸಿರು ಸಾಲದೆ ಒದ್ದಾಡುವಾಗ, ನನ್ನ ಕೈ ಹಿಡಿದು ಕೇಳಿದ್ದು ಅದೊಂದೇ: "ಆ ಹುಡುಗಿದು ಏನಾತೋ..." ನಾನು ಸುಳ್ಳು ಹೇಳಬಹುದಿತ್ತು. ನೀವು ಕಂಡುಹಿಡಿಯುತ್ತಿದ್ದಿರಿ.

ಕಳೆದ ಭಾನುವಾರ ಗೋಧಿಯ ಡಬ್ಬ ಹಿಡಿದು ಕುರುಬರಹಳ್ಳಿಗೆ ನಡೆದೆ. ನನಗೆ ಗೊತ್ತಿದ್ದ ಗುರುತುಗಳು ಎರಡೇ, ಎದುರಿಗೊಂದು ಗಿರಣಿ, ಮನೆಯವರದು ಲಾರಿ. ಮೊದಲ ಗಿರಣಿಯಲ್ಲಿ ಕೇಳಿದರೆ ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಗೋಧಿ ಬೀಸಿಕೊಟ್ಟು ಕಳಿಸಿದ. ಎರಡನೆಯ ಗಿರಣಿಗೆ ಹಿಟ್ಟಿನ ಡಬ್ಬ ಹೊತ್ತೇ ಹೋದೆ. "ಈಗಾಗ್ಲೇ ಬೀಸೈತಲ್ಲ ಮೇಡಂ, ಇನ್ನೇನ್ ಮಾಡ್ಲಿ?" ಎಂದ ಆ ಗಿರಣಿಯವನು. ವಿಷಯ ಹೇಳಿದೆ. "ಓ, ಲಾರಿ ಮನೆ ಜಯಮ್ಮನ್ನ ಕೇಳ್ತಿದೀರಾ? ನಿಮ್ಮ ಬೆನ್ನ ಹಿಂದೇನೇ ಐತಲ್ಲ!" ಎಂದು ನಕ್ಕ.

ಹೌದು ಅತ್ತೆ, ನಿಮ್ಮ ತಂಗಿಯ ಹೆಸರು ಜಯಮ್ಮ. ಒಳ್ಳೇ ದಪ್ಪನೆಯ ಹೆಂಗಸು ಇರಬೇಕು ಎನ್ನುತ್ತಿದ್ದಿರಲ್ಲ? ಇಲ್ಲ, ನನ್ನ ಭುಜಕ್ಕೆ ಬರುವಷ್ಟು ಎತ್ತರದ ಕಡ್ಡಿಯಂಥ ಜೀವ. ದನಿ ಮಾತ್ರ ಆ ಮೈಯದಲ್ಲ. ಬಸವೇಶ್ವರನಗರದ ಫೋನಿನ ಅಕ್ಕನ ಸೊಸೆ ಎಂದೆ. "ನೀರು ಸಾರಿನ ಸೊಸೇನಾ!" ಎಂದು ನನ್ನ ಎರಡೂ ಕೈ ಹಿಡಿದುಕೊಂಡರು. ಆಮೇಲೆ ನನ್ನ ಹೆಗಲಾಚೆ ಗೇಟಿನ ಕಡೆ ಇಣುಕಿದರು. "ಅಕ್ಕ ಎಲ್ಲಮ್ಮ? ಆಟೋದಲ್ಲೇ ಕೂರಿಸಿ ಬಂದ್ಯಾ? ಮಂಡಿನೋವು ಅಲ್ವಾ, ಇರು, ನಾನೇ ಬರ್ತೀನಿ..."

ಚಪ್ಪಲಿಗೆ ಕಾಲು ತೂರಿಸಿದವರು ನನ್ನ ಮುಖ ನೋಡಿ ಹಾಗೇ ನಿಂತರು. ಮೆಟ್ಟಿಲ ಮೇಲೆ ಕೂತುಬಿಟ್ಟರು. ನಾನೂ ಪಕ್ಕದಲ್ಲಿ ಕೂತೆ.

"ಯಾವಾಗಮ್ಮ?"

"ದೀಪಾವಳಿ ಆದಮೇಲೆ."

"ಹಂಗಾದ್ರೆ ಗಿರಿಜಂದು ಏನಾಯ್ತು ಅಂತ ಅಕ್ಕಂಗೆ ಗೊತ್ತಾಗ್ಲೇ ಇಲ್ವಾ?"

ನಾನು ತಲೆಯಾಡಿಸಿದೆ. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. "ಆಸ್ಪತ್ರೆಯಿಂದ ಬಂದೋಳೇ ಮೊದ್ಲು ಫೋನಿಗೆ ಓಡ್ದೆ ಕಣಮ್ಮ. ಅಕ್ಕಾ, ಅಕ್ಕಾ ಅಂತ ಎಷ್ಟು ಕೂಗ್ದೆ. ಕೊಯ್ಯಂತ ಇತ್ತು, ಅಷ್ಟೇ. ನಮ್ಮನೆಯವರು ಹುಚ್ಚು ಹಿಡೀತಾ ಅಂದ್ರು. ಈಗ ಯಾರು ಹೇಳ್ತಾರೆ ಅವ್ರಿಗೆ?"

"ನಾನು ಹೇಳ್ತೀನಿ" ಎಂದೆ.

ಹೇಗೆಂದು ಆಕೆ ಕೇಳಲಿಲ್ಲ. ಕಣ್ಣೊರೆಸಿಕೊಂಡು ಎದ್ದು, ನನ್ನನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋದರು.

ಅತ್ತೆ, ಗಿರಿಜೆಗೆ ಹೆಣ್ಣು ಮಗು. ಹೆರಿಗೆ ಬಹಳ ಕಷ್ಟವಾಯಿತಂತೆ, ಆದರೆ ಈ ಕೂಸು ಉಳಿಯಿತು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ನಾನೇ ಎತ್ತಿಕೊಂಡು ನೋಡಿದೆ. ಗುಂಡುಗುಂಡಗಿದೆ, ಕೆಳಗೆ ಹಲ್ಲು ಮೂಡುತ್ತಿದೆ, ನನ್ನ ಸರ ಹಿಡಿದುಕೊಂಡು ಬಿಡಲೇ ಇಲ್ಲ. ಇನ್ನು ನೀವು ಯೋಚನೆ ಮಾಡಬೇಡಿ.

ನಿಮ್ಮ,
ಸುಮಿತ್ರೆ