ವರ್ಷಕ್ಕೊಮ್ಮೆ ಬಣ್ಣ ಕಂಡ ಗೋಡೆ

ರಾಣೆಬೆನ್ನೂರು
ಬಿರುತಿಂಗಳ ನಲವತ್ತೊಂದನೆಯ ದಿನ, 2189

ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಬದುಕಿರುವ ಹಿರಿಯರಿಗೆ,

ತಾರೀಖು ಬರೆಯುವಾಗ ಕೈತಪ್ಪಿಲ್ಲ. ನಿಮ್ಮ ಏಪ್ರಿಲ್ ಮತ್ತು ಮೇ ಎರಡನ್ನೂ ಸೇರಿಸಿ ನಾವು ಅರವತ್ತೊಂದು ದಿನಗಳ ಒಂದೇ ತಿಂಗಳು ಮಾಡಿಕೊಂಡಿದ್ದೇವೆ. ಅದೇ ಬಿರುತಿಂಗಳು. ಈ ತಿಂಗಳಲ್ಲಿ ಹಗಲು ಹೊತ್ತು ಯಾರೂ ಬಯಲಿಗೆ ಇಳಿಯುವುದಿಲ್ಲ, ಹಾಗಾಗಿ ಪತ್ರ ಬರೆಯುವುದಕ್ಕೆ ಬೇಕಾದಷ್ಟು ಬಿಡುವು. ನಿಮ್ಮ ಕನ್ನಡವನ್ನು ನಿಮ್ಮ ಪುಸ್ತಕಗಳಿಂದಲೇ ಕಲಿತವಳು ನಾನು. ನಡುವೆ ನಮ್ಮ ಕಾಲದ ಮಾತು ನುಸುಳಿದರೆ ಕ್ಷಮಿಸಿ.

ಬರೆಯುತ್ತಿರುವುದು ಒಂದು ಜಾಹೀರಾತಿನ ಗೋಡೆಯ ಬಗ್ಗೆ. ನಿಮಗೆ ಇದು ಕ್ಷುಲ್ಲಕ ಅನಿಸಬಹುದು. ನಿಮ್ಮ ರಸ್ತೆಗಳಲ್ಲಿ ಜಾಹೀರಾತಿಲ್ಲದ ಗೋಡೆ ಸಿಗುವುದೇ ಕಷ್ಟವಾಗಿತ್ತೆಂದು ಓದಿದ್ದೇನೆ. ನಮ್ಮಲ್ಲಿ ಗೋಡೆಗಳೆಲ್ಲ ಖಾಲಿ. ಜಾಹೀರಾತು ಈಗ ಒಬ್ಬೊಬ್ಬರ ಕನ್ನಡಕದೊಳಗೆ ಬೇರೆಬೇರೆಯಾಗಿ ಮೂಡುತ್ತದೆ, ಅದನ್ನು ಒಳನೋಟ ಎನ್ನುತ್ತೇವೆ. ನನಗೆ ಮಂಡಿನೋವಿನ ಎಣ್ಣೆ ಕಾಣುವ ಜಾಗದಲ್ಲಿ ಪಕ್ಕದಲ್ಲಿ ಕೂತವನಿಗೆ ಮದುವೆಯ ಕೋಟು ಕಾಣುತ್ತದೆ. ಒಂದು ಕೆಟ್ಟ ಜಾಹೀರಾತನ್ನು ಇಬ್ಬರು ಸೇರಿ ಲೇವಡಿ ಮಾಡುವ ಸುಖವನ್ನು ನನ್ನ ಮೊಮ್ಮಕ್ಕಳು ಕಂಡೇ ಇಲ್ಲ.

ಇಲ್ಲದ್ದಕ್ಕೆ ಹಂಬಲಿಸುವುದು ಮನುಷ್ಯರ ಸ್ವಭಾವ ತಾನೆ? ಮೂವತ್ತು ವರ್ಷಗಳ ಹಿಂದೆ ನಮ್ಮಲ್ಲಿ ಹಳೆಯ ವಿನ್ಯಾಸಗಳ ಹುಚ್ಚು ಎದ್ದಿತು. ತಗಡಿನ ಡಬ್ಬಿ, ಬೆಂಕಿಪೊಟ್ಟಣದ ಚಿತ್ರ, ಬಸ್ಸಿನ ಬೋರ್ಡು, ಏನಿದ್ದರೂ ಹಳೆಯದಾಗಿರಬೇಕು. ಹಿಂದೆಯೇ ಮುಪ್ಪುಗಾರರು ಹುಟ್ಟಿಕೊಂಡರು. ಹೊಸ ತಗಡಿಗೆ ಎರಡು ದಿನದಲ್ಲಿ ತುಕ್ಕು ಬರಿಸುವುದು, ನಿನ್ನೆ ಬರೆದ ಗೋಡೆಯನ್ನು ಉಜ್ಜಿ ನೂರು ವರ್ಷದ್ದಾಗಿ ಕಾಣಿಸುವುದು ಅವರ ಕಸುಬು. ದಾವಣಗೆರೆಯ ಒಂದು ಚಹಾದ ಅಂಗಡಿಯಲ್ಲಿ, ನಿಮ್ಮ ಕಾಲದಲ್ಲಿ ಹುಟ್ಟಿಯೇ ಇರದ ಸೋಪಿನ 'ಪುರಾತನ' ಜಾಹೀರಾತನ್ನು ಕಂಡು ನನ್ನ ರಕ್ತ ಕುದಿಯಿತು. ಪತ್ರಿಕೆಗಳಿಗೆ ಬರೆದೆ, ಸಭೆಗಳಲ್ಲಿ ಕೂಗಾಡಿದೆ. ಕೊನೆಗೆ ವಿಶ್ವವಿದ್ಯಾಲಯದವರು ಹಳೆಗೋಡೆ ಸಮಿತಿ ರಚಿಸಿ ನಾಗರಿಕರ ಪರವಾಗಿ ನನ್ನನ್ನೂ ಸೇರಿಸಿಕೊಂಡರು. ಸಮಿತಿ ಹಳೆಯದೆಂದು ಒಪ್ಪಿದ ಗೋಡೆಯನ್ನು ಯಾರೂ ಕೆಡವುವಂತಿಲ್ಲ.

ಸಮಿತಿಯ ಎರಡು ನಿಯಮಗಳನ್ನು ಬರೆದವಳು ನಾನೇ. ಮೊದಲ ಬಣ್ಣದ ಮೇಲೆ ಮತ್ತೆ ಕುಂಚ ಆಡಿಸಿದ ಗೋಡೆ ಹಳೆಯದಲ್ಲ. ನೆನಪು ಸಾಕ್ಷಿಯಲ್ಲ, ಆ ಕಾಲದ ಬರಹ ಮಾತ್ರ ಸಾಕ್ಷಿ. ಅಧ್ಯಕ್ಷರಾಗಿದ್ದ ಪ್ರೊಫೆಸರ್ ಚನ್ನವೀರ ಹಾವಣಗಿಯವರು ಓದಿ, "ಕಲ್ಲಿನ ಮೇಲೆ ಕೆತ್ತಿಸೋ ಹಂಗ ಅದಾವ್ರಿ ಮೇಡಂ" ಎಂದಿದ್ದರು. ಎಷ್ಟೋ ದಿನ ಆ ಮಾತಿನಲ್ಲೇ ತೇಲುತ್ತಿದ್ದೆ.

ಹನ್ನೊಂದು ವರ್ಷ ನಿಯಮಗಳು ಚೆನ್ನಾಗಿಯೇ ಕೆಲಸ ಮಾಡಿದವು. ಆಮೇಲೆ ರಾಣೆಬೆನ್ನೂರಿನ ನೆರಳುದಾರಿಯನ್ನು ಅಗಲ ಮಾಡುವ ಯೋಜನೆ ಬಂತು. ಬಿಸಿಲು ತಾಗದಂತೆ ಮೇಲೆ ಚಾವಣಿ ಹೊದಿಸಿದ ರಸ್ತೆಗೆ ನೆರಳುದಾರಿ ಎನ್ನುತ್ತೇವೆ; ನಮ್ಮ ಪ್ರಯಾಣವೆಲ್ಲ ಅದರಲ್ಲೇ. ದಾರಿಗೆ ಅಡ್ಡವಾಗಿದ್ದದ್ದು ಹಳೆಯ ಹತ್ತಿ ಗೋದಾಮಿನ ಗೋಡೆ. ಅದರ ಮೇಲೆ ಗಿಳಿಮರಿ ಹಲ್ಲುಪುಡಿಯ ಜಾಹೀರಾತು: ಹಸಿರು ಗಿಳಿ, ಅದರ ಬಾಯಲ್ಲಿ ಬೇವಿನ ಕಡ್ಡಿ, ಕೆಳಗೆ ಆಳೆತ್ತರದ ಕೆಂಪು ಅಕ್ಷರಗಳು. ಗೋಡೆಯನ್ನು ಉಳಿಸಿಕೊಡಿ ಎಂದು ರೇಣವ್ವ ಪೇಂಟರ್ ಎಂಬ ಹೆಣ್ಣುಮಗಳು ಅರ್ಜಿ ಹಾಕಿದ್ದಳು. ನಿಮ್ಮ ಕಾಲದಲ್ಲಿ ಮೊದಲು ಅದನ್ನು ಬರೆದವನು ಆಕೆಯ ಮನೆತನದವನೇ. ಮನೆಬಾಗಿಲ ಮೇಲೆ ಹೆಸರು ಬರೆದುಕೊಡುವುದು ಆಕೆಯ ಜೀವನ.

ನಾವು ಪರಿಶೀಲನೆಗೆ ಹೋದಾಗ ಗಿಳಿ ಮೊನ್ನೆ ಹುಟ್ಟಿದ ಹಾಗೆ ಹೊಳೆಯುತ್ತಿತ್ತು. ಇದಕ್ಕೆ ಮತ್ತೆ ಬಣ್ಣ ಹಚ್ಚಿದ್ದೀರಾ ಎಂದು ಹಾವಣಗಿಯವರು ಕೇಳಿದರು.

"ಹಚ್ಚದ ಬಿಡ್ತೇವೇನ್ರಿ ಸರ? ಪ್ರತಿ ವರ್ಷ ಮಳಿ ನಿಂತ ಮ್ಯಾಲ, ದೀಪಾವಳಿ ಒಳಗ ಹಚ್ಚತೇವಿ. ನಮ್ಮ ಮುತ್ತ್ಯಾರ ಮುತ್ತ್ಯಾನ ಕಾಲದಿಂದ ಒಂದು ವರ್ಷ ತಪ್ಪಿಲ್ಲ."

"ಹಂಗಾದ್ರ ಇದು ಹಳೇ ಗ್ವಾಡಿ ಹೆಂಗಾತವಾ?"

ರೇಣವ್ವ ನಗು ತಡೆಯಲಿಲ್ಲ. "ಹಚ್ಚದಿದ್ರ ಹಳೇದಾಗಿ ಉದುರಿ ಹೋಗ್ತಿತ್ತಲ್ರಿ. ಹಚ್ಚಿದ್ದಕ್ಕ ಉಳದೈತಿ."

ಆಮೇಲೆ ನನ್ನ ಕೈ ಹಿಡಿದು ಅಕ್ಷರದ ಅಂಚಿನ ಮೇಲೆ ಇಟ್ಟಳು. ವರ್ಷವರ್ಷದ ಬಣ್ಣ ಒಂದರ ಮೇಲೊಂದು ಕೂತು ಅಂಚು ರೊಟ್ಟಿಯಷ್ಟು ದಪ್ಪವಾಗಿತ್ತು. ಆ ಮನೆಯಲ್ಲಿ ಯಾರೂ ಕಾಗದದ ಮೇಲೆ ಅಕ್ಷರ ಕಲಿತವರಲ್ಲ. ಮಕ್ಕಳು ಮೊದಲು ಕಣ್ಣು ಮುಚ್ಚಿ ಈ ಅಂಚಿನ ಮೇಲೆ ಬೆರಳಾಡಿಸಬೇಕು. ತಿರುವು ಬೆರಳಿಗೆ ಒಗ್ಗಿದ ಮೇಲೆ ಕುಂಚ. ಹಲ್ಲುಪುಡಿಯ ಕಂಪನಿ ಮುಚ್ಚಿ ನೂರು ವರ್ಷ ದಾಟಿದರೂ ಇವರು ಹಚ್ಚುತ್ತಲೇ ಬಂದದ್ದು ಅದಕ್ಕೆ. "ನನ್ನ ಮಗಳು 'ಗ'ದ ತನಕ ಬಂದಾಳ್ರಿ, ಇನ್ನೂ 'ಳ' ಬಾಕಿ ಐತಿ," ಎಂದಳು.

ವರ್ಷವರ್ಷ ಬಣ್ಣ ಹಚ್ಚುವ ಈ ಪದ್ಧತಿ ನನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಐವತ್ತೆಂಟು ವರ್ಷಗಳ ಹಿಂದೆ ಓದಿಗಾಗಿ ವಾರಕ್ಕೊಮ್ಮೆ ದಾವಣಗೆರೆಗೆ ಹೋಗುತ್ತಿದ್ದಾಗ ನೆರಳುದಾರಿಯ ಪ್ರಯಾಣಿಕರ ಬಂಡಿ ಅದೇ ಗೋದಾಮಿನ ಎದುರು ನಿಲ್ಲುತ್ತಿತ್ತು. ರೇಣವ್ವನ ಅಜ್ಜ ಗುಡದಪ್ಪ ಏಣಿಯ ಮೇಲೆ ನಿಂತು ಬಣ್ಣ ಹಚ್ಚುವುದನ್ನು ನಾಲ್ಕು ವರ್ಷ ನೋಡಿದ್ದೇನೆ. "ಗಿಳಿ ಮೂಗು ಸರಿ ಬಂದೈತೇನ್ರಿ?" ಎಂದು ಆತ ಬಂಡಿಯವರನ್ನು ಕೇಳುತ್ತಿದ್ದ. ಒಮ್ಮೆ ಯಾರೋ ಒಬ್ಬ, "ನಮ್ಮತ್ತಿ ಮೂಗು ಇದ್ದಂಗೈತೋ ಗುಡದಪ್ಪಾ" ಎಂದ. "ಹಂಗಾದ್ರ ನಿಮ್ಮತ್ತಿ ಭಾಳ ಚೆಲುವಿ ಬಿಡಪಾ. ಅಳಿಯನ್ನ ಆರಸೂ ಮುಂದ ಕಣ್ಣು ಮಂಜಾಗಿರಬೇಕು" ಎಂದು ಆತ ಮೇಲಿನಿಂದಲೇ ಅಂದ. ಬಂಡಿಗೆ ಬಂಡಿಯೇ ನಕ್ಕಿತು.

ಸಭೆಯಲ್ಲಿ ಇದನ್ನು ಹೇಳಬಹುದಿತ್ತು. ಆದರೆ ನೆನಪು ಸಾಕ್ಷಿಯಲ್ಲ. ಹಾವಣಗಿಯವರು ನನ್ನ ಮುಖ ನೋಡಿ ಒಂದು ದಾರಿ ತೋರಿಸಿದರು: ವರ್ಷವರ್ಷ ಬಣ್ಣ ಹಚ್ಚುವುದೇ ಗೋಡೆ ಬರಹದ ಪದ್ಧತಿಯಾಗಿತ್ತು ಎಂದು ಆ ಕಾಲದ ಯಾವುದಾದರೂ ಬರಹ ಹೇಳಿದರೆ ಒಪ್ಪೋಣ. ಇಪ್ಪತ್ತು ದಿನ ಗಡುವು ಕೊಟ್ಟರು.

ಆ ಇಪ್ಪತ್ತು ದಿನ ನಿಮ್ಮ ಕಾಲದ ಪಿಎಚ್‌ಡಿ ಪ್ರಬಂಧಗಳ ನಡುವೆ ಕೂತೆ. ಎಷ್ಟು ಬರೆದಿದ್ದೀರಿ ನೀವು! ಜಾಹೀರಾತಿನಲ್ಲಿ ಹೆಣ್ಣಿನ ಚಿತ್ರಣ, ಜಾಹೀರಾತು ಮತ್ತು ಆಧುನಿಕತೆ, ಕೆಂಪು ಬಣ್ಣದ ಸಾಂಕೇತಿಕತೆ. ಪರದೇಶದ ಪಂಡಿತರ ಮಾತುಗಳನ್ನು ಪುಟಗಟ್ಟಲೆ ಎತ್ತಿ ಹಾಕಿದ್ದೀರಿ. ಚಿತ್ರ ತೆಗೆಯಲು ಊರೂರು ಸುತ್ತಿ, ಹೆಚ್ಚಾಗಿ ಬಣ್ಣ ಮಾಸಿದ ಗೋಡೆಗಳನ್ನೇ ಆರಿಸಿಕೊಂಡಿದ್ದೀರಿ, ಮಾಸಿದ್ದು ಚೆಂದ ಎಂದು. ಒಂದು ಪ್ರಬಂಧದಲ್ಲಿ ಇದೇ ಗಿಳಿಯ ಫೋಟೋ ಸಿಕ್ಕಿತು. ಅಂಚಿನಲ್ಲಿ ಅರ್ಧ ಏಣಿ, ಏಣಿಯ ಮೇಲೆ ಒಂದು ಕಾಲು. ಉಳಿದ ಮನುಷ್ಯನನ್ನು ಕತ್ತರಿಸಿ ಹಾಕಿದ್ದಾರೆ. ಕೆಳಗೆ 'ಚಿತ್ರ 14: ಗೋಡೆ ಜಾಹೀರಾತು' ಎಂದಿದೆ. ಆ ಪ್ರಬಂಧಕಾರರು ಮಾರ್ಗದರ್ಶಕರಿಗೆ, ಹೆಂಡತಿಗೆ, ಹಾಸ್ಟೆಲಿನ ಅಡುಗೆಯವರಿಗೆ ಧನ್ಯವಾದ ಹೇಳಿದ್ದಾರೆ. ಏಣಿಯ ಮೇಲಿದ್ದವನು ಅಲ್ಲಿ ಏನು ಮಾಡುತ್ತಿದ್ದ ಎಂದು ಎಲ್ಲೂ ಬರೆದಿಲ್ಲ. ಊರಿಗೆಲ್ಲ ಗೊತ್ತಿರುವುದನ್ನು ಬರೆಯುವುದೇನು ಎಂದುಕೊಂಡಿರಬೇಕು.

ಬರಿಗೈಯಲ್ಲಿ ಸಭೆಗೆ ಹೋದೆ. ಎದ್ದು ನಿಂತು, ನಾನು ಕಣ್ಣಾರೆ ಕಂಡಿದ್ದೇನೆ, ನಿಯಮ ಬರೆದವಳಿಗೇ ಬುದ್ಧಿ ಸಾಲದಾಗಿತ್ತು, ಎನ್ನಬೇಕಿತ್ತು. ಮುಪ್ಪುಗಾರರು ನಗುತ್ತಾರಲ್ಲ ಎನಿಸಿತು. ಗಿಳಿಯ ಗೋಡೆ ಹಳೆಯದಲ್ಲ ಎಂಬ ತೀರ್ಮಾನಕ್ಕೆ ಸಹಿ ಹಾಕಿದೆ. ಅದೇ ದಿನ ನಾವು ಹಳೆಯದೆಂದು ಒಪ್ಪಿದ ಹಾವೇರಿಯ ಗೋಡೆಯೊಂದು ಮುಪ್ಪುಗಾರರ ಕೈಕೆಲಸವೆಂದು ಮರುವರ್ಷ ಬಯಲಾಯಿತು. ಅದರ ಮಾಲೀಕ ಸುಳ್ಳು ಹೇಳಿದ್ದ, ರೇಣವ್ವ ನಿಜ ಹೇಳಿದ್ದಳು.

ಗಿಳಿಯ ಗೋಡೆ ಕೆಡವಿದ್ದು ಹೋದ ಕಾರ್ತಿಕದಲ್ಲಿ. ರೇಣವ್ವನ ಮನೆಯವರು ಆ ವರ್ಷದ ಬಣ್ಣ ಹಚ್ಚಿಯೇ ಬಿಟ್ಟುಕೊಟ್ಟರು. ನಾನು ಹೋಗಿದ್ದೆ. ರೇಣವ್ವ ಬೈಯಲಿಲ್ಲ. "ನೀವಾರ ಏನ್ ಮಾಡ್ತೀರಿ ಅಕ್ಕಾರ, ಕಾಯ್ದೆ ಹಂಗೈತಿ" ಎಂದಳು. ಕಾಯ್ದೆ ಯಾರದೆಂದು ಆಕೆಗೆ ಗೊತ್ತಿರಲಿಲ್ಲ; ನಾನೂ ಹೇಳಲಿಲ್ಲ. ಮಗಳು ಈಗ ಕಾಗದದ ಮೇಲೆ 'ಳ' ಕಲಿಯುತ್ತಿದ್ದಾಳೆ. ಬೆರಳಿಗೆ ಏನೂ ಸಿಗುವುದಿಲ್ಲವಂತೆ.

ಹಿರಿಯರೇ, ನಿಮ್ಮಲ್ಲಿ ಯಾರೋ ಒಬ್ಬರು ಈಗ ಗೋಡೆ ಜಾಹೀರಾತಿನ ಮೇಲೆ ಪ್ರಬಂಧ ಬರೆಯುತ್ತಿರಬಹುದು. ಸಂಜೆಯ ಬಸ್ಸು ತಪ್ಪಿದರೂ ಚಿಂತೆಯಿಲ್ಲ, ಏಣಿಯ ಮೇಲಿರುವವನು ಕೆಳಗಿಳಿಯುವ ತನಕ ದಯವಿಟ್ಟು ಕಾಯಿರಿ. ಹೆಸರು ಕೇಳಿ. ಆಮೇಲೆ ಇಷ್ಟು ಬರೆಯಿರಿ: 'ಈ ಗೋಡೆಗೆ ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಇವರೇ ಬಣ್ಣ ಹಚ್ಚುತ್ತಾರೆ.' ಪ್ರಬಂಧದ ನಡುವೆ ಜಾಗವಿಲ್ಲದಿದ್ದರೆ ಅಡಿಟಿಪ್ಪಣಿಯಲ್ಲಿ ಹಾಕಿ. ಆ ಇಪ್ಪತ್ತು ದಿನಗಳಲ್ಲಿ ನಾನು ಒಂದು ಅಡಿಟಿಪ್ಪಣಿಯನ್ನೂ ಬಿಡದೆ ಓದಿದ್ದೇನೆ. ನೀವು ಬರೆದಿಟ್ಟರೆ ಅದು ನನ್ನ ಕಣ್ಣಿಗೆ ಬಿದ್ದೇ ಬೀಳುತ್ತದೆ.

ನಿಮ್ಮ,
ಗಂಗಾಂಬಿಕಾ ಹೊಂಬರಡಿ