ಅಂಬಲಿ ಹೆಪ್ಪಿನ ಬಿಯರು

ನಿಲಂಗಾ
೨೩ ಡಿಸೆಂಬರ್ ೨೦೨೫

ನನ್ನ ಮುದ್ದು ಮಯೂರಿಗೆ ಅವ್ವನ ಆಶೀರ್ವಾದಗಳು.

ನಾನೂ ನಿನ್ನ ಅಜ್ಜಿಯೂ ಕ್ಷೇಮ. ಚಳಿಗೆ ಅವರ ಮೊಣಕಾಲು ಹಟ ಹಿಡಿದಿದೆ, ಬಾಯಿಗೆ ಮಾತ್ರ ಯಾವ ನೋವೂ ಇಲ್ಲ. ದೀಪಾವಳಿಗೆ ಬಂದಾಗ ನೀನು ಬಾಟಲಿ ಕೊಟ್ಟುಹೋದೆ, ನಾನು ಇಷ್ಟು ದಿನ ಒಂದು ಮಾತೂ ಹೇಳಲಿಲ್ಲ. ಸಿಟ್ಟಾಗಬೇಡವ್ವ. ಫೋನು ಮಾಡಿದಾಗೆಲ್ಲ "ಅವ್ವಾ, ಕುಡದು ನೋಡಿದಿ ಏನ?" ಅಂತ ಕೇಳುತ್ತಿದ್ದೆ, ನಾನು ಗಿರಾಕಿ ನಿಂತಿದ್ದಾರೆ ಎಂದು ಇಟ್ಟುಬಿಡುತ್ತಿದ್ದೆ. ಕಿರಾಣಿ ಅಂಗಡಿಯಲ್ಲಿ ಕೂತು, ಗೋಡೆ ಮೇಲೆ ಬಸವಣ್ಣನವರ ಫೋಟೋ ಇಟ್ಟುಕೊಂಡು, ಬಿಯರಿನ ಮಾತು ಆಡಲಿಕ್ಕಾಗುತ್ತದೆಯೇ? ಅದಕ್ಕೇ ಈ ಕಾಗದ. ನಮ್ಮ ಓಣಿಯಲ್ಲಿ ಕನ್ನಡ ಆಡುವವರು ಬೇಕಾದಷ್ಟಿದ್ದಾರೆ, ಓದುವವಳು ನಾನೊಬ್ಬಳೇ. ನಿನಗೆ ನಾನು ಕಲಿಸಲು ಕೂತಾಗ, ಮರಾಠಿ ಶಾಲೆಗೆ ಹೋಗುವ ಹುಡುಗಿಗೆ ಕನ್ನಡ ಅಕ್ಷರ ಯಾಕೆ ಅಂತ ಎಲ್ಲರೂ ನಕ್ಕಿದ್ದರು. ಈಗ ನಿಧಾನಕ್ಕೆ ಕೂಡಿಸಿ ಕೂಡಿಸಿ ಓದು.

ನೀನು ಕೇಳಿದ್ದು ಒಂದೇ. ಪುಣೆಯಲ್ಲಿ ನೀನು ಕೆಲಸ ಮಾಡುವ ಆ ಬಿಯರಿನ ಭಟ್ಟಿಯಲ್ಲಿ ಈ ಚಳಿಗಾಲಕ್ಕೆಂದು ಹುರಿದ ಜೋಳದ ಬಿಯರು ಮಾಡಿದ್ದೀ. ಹುಳಿ ಬರಲಿಕ್ಕೆ ನನ್ನ ಅಂಬಲಿ ಗಡಿಗೆಯಿಂದ ಒಯ್ದ ಹೆಪ್ಪು ಹಾಕಿದ್ದೀ. "ಹೆಪ್ಪು ನಿಂದವ್ವಾ. ನೀ ಹೂಂ ಅಂದ್ರ ಮಂದಿಗಿ ಕೊಡ್ತೀನಿ, ಇಲ್ಲಂದ್ರ ಮೋರಿಗಿ ಸುರೀತೀನಿ" ಅಂದೆ. ಕುಡಿತಕ್ಕೇ ಗಂಡನನ್ನು ಕಳೆದುಕೊಂಡವಳ ಮುಂದೆ ಮಗಳು ಆಡುವ ಮಾತೇ ಇದು! ಆ ದಿನ ನನ್ನ ಹೊಟ್ಟೆಗೆ ಬೆಂಕಿ ಬಿದ್ದಿತ್ತು, ಸುಳ್ಳು ಯಾಕೆ ಹೇಳಲಿ.

ಮೊದಲು ದೀಪಾವಳಿಯ ಬಾಟಲಿಯ ಸುದ್ದಿ ಹೇಳುತ್ತೇನೆ, ಆ ಸೀತಾಫಲದ ಬಿಯರಿನದು. ಗೋಧಿಯ ಡಬ್ಬಿಯ ಹಿಂದೆ ಬಚ್ಚಿಟ್ಟಿದ್ದೆ. ಒಂದು ಮಧ್ಯಾಹ್ನ ಅಜ್ಜಿ ಮಠಕ್ಕೆ ಹೋದಾಗ ತೆಗೆದು ಸ್ಟೀಲಿನ ಲೋಟಕ್ಕೆ ಹಾಕಿದೆ. ಹಾಲು ಉಕ್ಕಿದ ಹಾಗೆ ಉಕ್ಕಿತು, ಗಾಬರಿಯಿಂದ ಊದಿದೆ! ಮೊದಲ ಗುಟುಕು ಕಹಿ, ಥೂ ಅನ್ನುವಷ್ಟು. ಎರಡನೆಯದಕ್ಕೆ ನಾಲಿಗೆಯ ಹಿಂದಿನಿಂದ ಸೀತಾಫಲ ಬಂತು, ಗಿಡದಲ್ಲೇ ಹಣ್ಣಾದದ್ದು. ಅಷ್ಟಕ್ಕೇ ನಿಲ್ಲಿಸಿ ಉಳಿದದ್ದನ್ನು ಕರಿಬೇವಿನ ಗಿಡಕ್ಕೆ ಸುರಿದೆ. ಗಿಡ ಚೆನ್ನಾಗಿಯೇ ಇದೆ.

ಆಮೇಲೆ ನಿನ್ನ ಚಿಕ್ಕಪ್ಪನ ಮಗ ಮನೋಜ ಪುಣೆಯಿಂದ ಬರುವಾಗ ಜೋಳದ ಬಿಯರಿನ ಆ ಎರಡು ಕಪ್ಪು ಬಾಟಲಿ ತಂದುಕೊಟ್ಟ. ಫ್ರಿಜ್ಜಿನಲ್ಲಿಡು ಅಂತ ನೀನು ಹೇಳಿಕಳಿಸಿದ್ದೆ. ನನ್ನ ಬುದ್ಧಿ ನೋಡು! ನನ್ನದೇ ಹೆಪ್ಪಲ್ಲವೇ, ಚಳಿಗೆ ಸತ್ತುಹೋದೀತು ಅಂದುಕೊಂಡೆ. ಈ ಥಂಡಿಯಲ್ಲಿ ಅಂಬಲಿ ಗಡಿಗೆಗೆ ಹೇಗೆ ಕಂಬಳಿ ಸುತ್ತಿ ಒಲೆಯ ಪಕ್ಕ ಇಡುತ್ತೇವೋ, ಹಾಗೇ ಅವನ್ನೂ ಬೇರೆ ಬೇರೆ ಸುತ್ತಿ ಇಟ್ಟೆ.

ಮೊನ್ನೆ ಎಳ್ಳಮಾವಾಸ್ಯೆಯ ಬೆಳಿಗ್ಗೆ ಹೊಲಕ್ಕೆ ಒಯ್ಯಲು ಕಾಳು ಸೊಪ್ಪಿನ ಭಜ್ಜಿ ಕುದಿಸುತ್ತಿದ್ದೆ. ಒಲೆಯ ಬಿಸಿಗೆ ಒಳಗೇ ಉಕ್ಕಿ, ಢಬ್ ಅಂತ ಒಂದು ಬಾಟಲಿ ಒಡೆದು ಹಾರಿತು. ನಿನ್ನ ಅಜ್ಜಿಯ ತವರು ಸಾಸ್ತೂರ, ತೊಂಬತ್ಮೂರರ ಭೂಕಂಪಕ್ಕೆ ನೆಲ ಕಚ್ಚಿದ ಊರು, ಕೇಳಬೇಕೆ? "ಭೂಕಂಪ ಆತ್ರೋ! ಹೊರಗ ಬರ್ರೋ!" ಎಂದು ಕೂಗುತ್ತ ಬೀದಿಗೆ ಓಡಿದರು. ಬಚ್ಚಲಿಗೆ ಹೋಗಲು ನನ್ನ ಹೆಗಲು ಬೇಡುವ ಮೊಣಕಾಲು ಅದು, ಓಡಿತು! ಅರ್ಧ ಓಣಿ ಹೊರಗೆ ಬಂತು. ಇಲ್ಲಿಯ ಹಿರಿಯರು ಮೊದಲು ಹೊರಗೆ ಬರುತ್ತಾರೆ, ಆಮೇಲೆ ಏನಾಯಿತೆಂದು ಕೇಳುತ್ತಾರೆ, ನಿನಗೆ ಗೊತ್ತಲ್ಲ. ಸಿಲಿಂಡರಿನ ಪೈಪು ಬಿಚ್ಚಿತ್ತು ಎಂದು ಏನೇನೋ ಹೇಳಿ ಕಳಿಸುವಷ್ಟರಲ್ಲಿ ನಮ್ಮ ಮಠದ ರಾಚಯ್ಯ ಸ್ವಾಮಿಗಳು ಹೊಸ್ತಿಲಲ್ಲಿ ನಿಂತು ಮೂಗು ಅರಳಿಸಿದರು. "ಅಂಬಲಿ ಈ ವರ್ಷ ಭಾರೀ ಹದಕ್ಕ ಬಂದಂಗ ಅದ ನೋಡ್ರಿ ಪ್ರೇಮಾಬಾಯಿ. ಒಂದೀಟು ಕೊಡ್ರಿ" ಅಂದರು. "ಎಲ್ಲಾ ಚೆಲ್ಲಿ ಹೋತ್ರಿ ಸ್ವಾಮ್ಯಾರ" ಅಂದೆ. ಆ ಮಾತಾದರೂ ಖರೆ ಇತ್ತು.

ಅಜ್ಜಿಯ ಮೂಗಿಗೆ ಮೋಸ ಆಗಲಿಲ್ಲ. ಎಲ್ಲರೂ ಹೋದ ಮೇಲೆ ಮಂಚದ ಮೇಲೆ ಕೂತು, "ಪ್ರೇಮಾ, ಖರೇ ಹೇಳು, ಏನದು?" ಅಂದರು. ಎಲ್ಲ ಹೇಳಿದೆ, ನಿನ್ನ ಕೆಲಸ, ನನ್ನ ಹೆಪ್ಪು, ನೀನು ನನ್ನ ಹೂಂಗಾಗಿ ಕಾಯುತ್ತಿರುವುದು. ನೀನು ಬಿಸ್ಕಿಟ್ ಫ್ಯಾಕ್ಟರಿಯಲ್ಲಿ ಇದ್ದೀ ಎಂದೇ ಅವರು ಇಷ್ಟು ದಿನ ನಂಬಿದ್ದರಲ್ಲ. ಬೈಯುತ್ತಾರೆ, ಎದೆ ಬಡಿದುಕೊಳ್ಳುತ್ತಾರೆ ಎಂದು ಕಾದು ನಿಂತೆ. ಅವರು ಒಲೆಯ ಕಡೆ ನೋಡಿ, "ಇನ್ನೊಂದು ಅದ ಏನ? ಹೊಲಕ್ಕ ತಗೊಂಡು ನಡಿ" ಅಂದುಬಿಟ್ಟರು.

ಶಿರೂರ ಅನಂತಪಾಳದ ಹಾದಿಯ ನಮ್ಮ ಹೊಲದಲ್ಲಿ ಐದು ಕಲ್ಲಿಟ್ಟು ಪಾಂಡವರ ಪೂಜೆ ಆಯಿತು, ಭೂಮಿತಾಯಿಗೆಂದು ಹೊಲದ ತುಂಬ ಎಡೆಯ ಚರಗ ಚೆಲ್ಲಿದೆವು, ಎಲ್ಲರ ಊಟ ಆಯಿತು. ಉಳಿದವರು ಹುಣಸೆ ಮರದ ಕೆಳಗೆ ಮಲಗಿದಾಗ ನಾವು ಅತ್ತೆ ಸೊಸೆ ಜೋಳದ ದಂಟಿನ ಮರೆಗೆ ಕಳ್ಳರ ಹಾಗೆ ಕೂತೆವು. ಮೊದಲು ನಾನು ಕುಡಿದೆ. ಹಂಚಿನ ಮೇಲೆ ರೊಟ್ಟಿ ಒಂದಿಷ್ಟು ಹೆಚ್ಚು ಸುಟ್ಟರೆ ಬರುತ್ತದಲ್ಲ, ಆ ವಾಸನೆ. ಹಿಂದೆಯೇ ಹುಳಿ. ನನ್ನ ಗಡಿಗೆಯ ಹುಳಿ ನನಗೆ ತಿಳಿಯದೇ? ಪುಣೆಗೆ ಹೋಗಿಯೂ ಅದು ಕೆಟ್ಟಿರಲಿಲ್ಲ.

ಅಜ್ಜಿ ಒಂದು ಗುಟುಕು ಬಾಯಲ್ಲಿ ಆಡಿಸಿ ನುಂಗಿದರು. "ಇದು ಅಂಬಲೀನೇ ಅದ ಬಿಡು. ಒಂದೀಟು ಸಾಲಿ ಕಲ್ತದ, ಅಷ್ಟೇ" ಅಂದರು. ನಾನು ನಕ್ಕೆ, ಅವರೂ ನಕ್ಕರು. ಇನ್ನೊಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ಅದನ್ನೇ ನೋಡುತ್ತ, ನಿಮ್ಮಪ್ಪನ ನೆನಪಿಗೆ ಅವರ ಕಣ್ಣು ತುಂಬಿತು. "ನನ್ನ ಓಂಪ್ರಕಾಶಗ ಹಿಂಗ ಲೋಟ ಕೆಳಗ ಇಡೋದು ಯಾರೂ ಕಲಿಸ್ಲಿಲ್ಲಲ್ಲವ್ವಾ" ಅಂದರು. ಕುಡಿಯುವವರು ಕೂತಿದ್ದೂ ಬಾಟಲಿಯಲ್ಲಿ ಅರ್ಧ ಉಳಿದದ್ದನ್ನು ನಾನು ಕಂಡದ್ದು ಅದೇ ಮೊದಲು.

ಆದ್ದರಿಂದ ಹೂಂ, ಮಯೂರಿ. ಕೊಡು ಮಂದಿಗೆ. ಸಣ್ಣ ಲೋಟದಲ್ಲಿ ಕೊಡು, ಬರೀ ಹೊಟ್ಟೆಯಲ್ಲಿ ಕೊಡಬೇಡ, ಜೊತೆಗೆ ಹುರಿದ ಶೇಂಗಾ ಇಡು. ಇದು ಅಜ್ಜಿಯ ಕರಾರು. ನಿನಗೆ ನಾನು ಎಷ್ಟು ಋಣಿ ಅಂತ ಹೇಗೆ ಬರೆಯಲಿ? ಮೂವತ್ತು ವರ್ಷ ಒಂದೇ ಒಲೆಯ ಮುಂದೆ ಕೂತರೂ ನಾವಿಬ್ಬರು ನಿಮ್ಮಪ್ಪನ ಹೆಸರು ಹಿಡಿದು ಕೂಡಿ ಅತ್ತಿರಲಿಲ್ಲ. ಅವರ ಮಗ ಹಾಳಾದದ್ದು ನನ್ನಿಂದ ಎಂದು ಅವರು, ಅವರ ಮುದ್ದಿನಿಂದ ಎಂದು ನಾನು. ನಿನ್ನ ಬಾಟಲಿಯ ದೆಸೆಯಿಂದ ಆ ದಿನ ಒಬ್ಬರ ಸೆರಗಿನಿಂದ ಒಬ್ಬರು ಕಣ್ಣು ಒರೆಸಿಕೊಂಡೆವು.

ನಿನ್ನ ಕೈಗೆ ಯಶಸ್ಸು ಬರಲಿ, ನಿನ್ನ ಹೆಪ್ಪು ಎಂದೂ ಕೆಡದಿರಲಿ. ಶಿವ ನಿನ್ನನ್ನು ಚೆನ್ನಾಗಿಟ್ಟಿರಲಿ. ಸಂಕ್ರಾಂತಿಗೆ ಬಾ, ಅಜ್ಜಿ ಎಳ್ಳಿನ ಹೋಳಿಗೆ ಮಾಡುತ್ತಾರಂತೆ.

ನಿನ್ನ ಅವ್ವ,
ಪ್ರೇಮಾ

ತಾ.ಕ.: ಅಜ್ಜಿಗೂ ಹೇಳದ ಮಾತು ಒಂದಿದೆ. ನಾನು ಬಾಟಲಿ ತೆರೆದದ್ದು ರುಚಿ ನೋಡಲಿಕ್ಕಲ್ಲ. ನಿಮ್ಮಪ್ಪ ಇದ್ದಾಗ ಆ ವಾಸನೆಗೆ ಮೂಗು ಮುಚ್ಚಿ ಗೋಡೆಗೆ ತಿರುಗಿ ಮಲಗುತ್ತಿದ್ದೆ. ಅವರು ಹೋದ ಮೇಲೆ ಅವರ ಅಂಗಿಗಳಲ್ಲಿಯೂ ಅದು ಉಳಿಯಲಿಲ್ಲ, ಹುಚ್ಚಿಯ ಹಾಗೆ ಹುಡುಕಿದ್ದೇನೆ. ಅದಕ್ಕೇ ಎರಡೂ ಸಲ ಕಣ್ಣು ಮುಚ್ಚಿ ಬಾಟಲಿಯ ಬಾಯಿಗೆ ಮೂಗು ಇಟ್ಟೆ. ಮೊದಲನೆಯದರಲ್ಲಿ ಸೀತಾಫಲ ಇತ್ತು, ಎರಡನೆಯದರಲ್ಲಿ ನಮ್ಮ ಜೋಳ ಇತ್ತು. ನಿಮ್ಮಪ್ಪ ಎಲ್ಲೂ ಇರಲಿಲ್ಲ. ಅದಕ್ಕೇ ಹೂಂ ಅಂದೆ ಮಗಳೇ. ಅತ್ತದ್ದೂ ಅದಕ್ಕೇ.